ಒಂದೇ ಮನೆ, ಮೂರು ಲೋಕಸಭಾ ಕ್ಷೇತ್ರ: ಕೊಡಗು ಯಾರ ಜೊತೆ ಇರಬೇಕಿತ್ತು?

ತೋಟದ_ಮನೆ:
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು.

ನಮ್ಮ ಮನೆ ಮಡಿಕೇರಿ ಹತ್ತಿರ. ಅಜ್ಜ ಕಟ್ಟಿಸಿದ್ದು. ಅಜ್ಜ 1952ರಲ್ಲಿ ಮೊದಲ ಸಲ ವೋಟು ಹಾಕಿದಾಗ ಅದು ಕೊಡಗು ಲೋಕಸಭಾ ಕ್ಷೇತ್ರ. ಅಪ್ಪ 1971ರಲ್ಲಿ ಮೊದಲ ಸಲ ಹಾಕಿದಾಗ ಮಂಗಳೂರು ಕ್ಷೇತ್ರ. ನಾನು 2009ರಲ್ಲಿ ಹಾಕಿದಾಗ ಮೈಸೂರು ಕ್ಷೇತ್ರ. ಮೂರು ತಲೆಮಾರು, ಅದೇ ಮನೆ, ಅದೇ ಗೇಟು. ಕ್ಷೇತ್ರ ಮಾತ್ರ ಮೂರು.

2024ರಲ್ಲಿ ಬಂದ ವೋಟರ್ ಚೀಟಿ ಇನ್ನೂ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದೇನೆ. ವಿಧಾನಸಭೆ 208 ಮಡಿಕೇರಿ, ಲೋಕಸಭೆ 21 ಮೈಸೂರು. ಪೇಪರಿನವರು 'ಮೈಸೂರು-ಕೊಡಗು' ಅಂತ ಬರೆಯುತ್ತಾರೆ. ಆದರೆ ಚುನಾವಣಾ ಆಯೋಗದ ಪಟ್ಟಿಯಲ್ಲಿ ಕ್ಷೇತ್ರದ ಹೆಸರು ಬರೀ ಮೈಸೂರು. ನಮ್ಮ ಜಿಲ್ಲೆಯ ಮೂರಕ್ಷರ ಅಲ್ಲಿಲ್ಲ. ಇದು ನನಗೆ ನಿಜವಾಗಿ ಬೇಜಾರು.

ನನ್ನ ಪ್ರಶ್ನೆ ಇಷ್ಟೇ. ಯಾಕೆ ಹೀಗೆ ಅತ್ತಿಂದಿತ್ತ ಹೋದೆವು? ಮುಂದಿನ ಮರುವಿಂಗಡಣೆಯಲ್ಲಿ, ಅಂದರೆ ಕ್ಷೇತ್ರಗಳ ಗಡಿ ಹೊಸದಾಗಿ ಹಾಕುವಾಗ, ಇನ್ನೆಲ್ಲಿಗೆ ಹೋಗಬಹುದು? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಪೊನ್ನಂಪೇಟೆ_ಹಾಕಿ:
ಒಳ್ಳೆ ವಿಷಯ ಎತ್ತಿದ್ದೀರಿ ಅಣ್ಣ. ನಮ್ಮ ಮನೆಯಲ್ಲೂ ಇದೇ ಕಥೆ. ಪೂಣಚ್ಚನವರು ಕೊಡಗಿನ ಎಂಪಿ ಆಗಿದ್ದಾಗ ನಮ್ಮ ಮಾತಿಗೆ ದೆಹಲಿಯಲ್ಲಿ ತೂಕ ಇತ್ತು ಅಂತ ದೊಡ್ಡಪ್ಪ ಹೇಳುತ್ತಿದ್ದರು.

ಹಳೇ_ಕಾಗದ:
ಸಣ್ಣ ತಿದ್ದುಪಡಿ. ಸಿ. ಎಂ. ಪೂಣಚ್ಚ ಕೊಡಗು ಕ್ಷೇತ್ರದ ಎಂಪಿ ಆಗಿರಲಿಲ್ಲ. 1952ರಿಂದ 1956ರವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿ ಆಗಿದ್ದರು. ಆಗ ಕೊಡಗು 'ಸಿ' ದರ್ಜೆ ರಾಜ್ಯ. 24 ಸದಸ್ಯರ ಸ್ವಂತ ವಿಧಾನಸಭೆ, ಒಂದು ಲೋಕಸಭಾ ಸೀಟು. 1952ರಲ್ಲಿ ಆ ಸೀಟಿನಿಂದ ಗೆದ್ದವರು ಕಾಂಗ್ರೆಸ್ಸಿನ ಎನ್. ಸೋಮಣ್ಣ. ಕೊಡಗು ಹೆಸರಿನ ಲೋಕಸಭಾ ಕ್ಷೇತ್ರಕ್ಕೆ ಅವರೇ ಮೊದಲನೆಯವರು, ಅವರೇ ಕೊನೆಯವರು.

ಆಮೇಲೆ ರಾಜ್ಯಗಳ ಮರುವಿಂಗಡಣೆಗೆ ಆದ ಫಜಲ್ ಅಲಿ ಆಯೋಗದ ಶಿಫಾರಸು ಬಂತು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಸ್ವಂತ ಸೀಟು ಹೋಯಿತು. ಪೂಣಚ್ಚ 1967ರಲ್ಲಿ ಲೋಕಸಭೆಗೆ ಗೆದ್ದದ್ದು ಮಂಗಳೂರು ಕ್ಷೇತ್ರದಿಂದ. ಆಗಲೇ ರೈಲ್ವೆ ಮಂತ್ರಿಯೂ ಆಗಿದ್ದರು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆಗ ರಾಜ್ಯಸಭೆಯಲ್ಲಿ ಅಜ್ಮೀರ್ ಮತ್ತು ಕೊಡಗು ಎರಡಕ್ಕೂ ಸೇರಿ ಒಂದೇ ಸೀಟು. ಸರದಿಯ ಮೇಲೆ ಹಂಚಿಕೊಳ್ಳಬೇಕಿತ್ತು. ಎಲ್ಲಿಯ ರಾಜಸ್ಥಾನ, ಎಲ್ಲಿಯ ಕೊಡಗು!

ಪೊನ್ನಂಪೇಟೆ_ಹಾಕಿ:
ತಿದ್ದಿದ್ದಕ್ಕೆ ಥ್ಯಾಂಕ್ಸ್ ಸರ್. ಅಜ್ಮೀರ್ ವಿಷಯ ಇವತ್ತೇ ಕೇಳಿದ್ದು.

ಕುಶಾಲನಗರ_ಬಸ್ಟ್ಯಾಂಡ್:
ರೈಲ್ವೆ ಮಂತ್ರಿ ನಮ್ಮ ಜಿಲ್ಲೆಯವರು. ಆದರೂ ಇವತ್ತಿಗೂ ಕೊಡಗಿನಲ್ಲಿ ಒಂದಡಿ ರೈಲು ಹಳಿ ಇಲ್ಲ. ಮೈಸೂರು-ಕುಶಾಲನಗರ ಲೈನ್, ಸುಮಾರು 87 ಕಿಲೋಮೀಟರ್, ಎಷ್ಟು ವರ್ಷದಿಂದ ಕೇಳುತ್ತಾ ಇದ್ದೇವೆ!

ಪೊನ್ನಂಪೇಟೆ_ಹಾಕಿ:
ರೈಲು ಬೇಕು ಅಂತ ಎಲ್ಲರೂ ಹೇಳುವುದಿಲ್ಲ ಅಣ್ಣ. ತಲಶ್ಶೇರಿ-ಮೈಸೂರು ಲೈನ್ ಕೊಡಗಿನ ಮೇಲೆ ಬರುತ್ತದೆ ಅಂದಾಗ ದಕ್ಷಿಣ ಕೊಡಗಿನಲ್ಲಿ ಜನ ಬೀದಿಗೆ ಇಳಿದು ವಿರೋಧ ಮಾಡಿದ್ದರು. ಕಾಡು ಹೋಗುತ್ತದೆ, ಆನೆ ದಾರಿ ತುಂಡಾಗುತ್ತದೆ ಅನ್ನುವ ಭಯ. ಈಗಲೇ ಆನೆ ತೋಟದೊಳಗೆ ಇರುತ್ತದೆ. ಬೆಳಿಗ್ಗೆ ಕಾಫಿ ಕೊಯ್ಯಲು ಹೋಗುವಾಗ ಪಟಾಕಿ ಹಿಡಿದು ಹೋಗುತ್ತೇವೆ.

ಕುಶಾಲನಗರ_ಬಸ್ಟ್ಯಾಂಡ್:
ಕುಶಾಲನಗರದವರೆಗೆ ಬಂದರೆ ಕಾಡು ಎಲ್ಲಿ ಹೋಗುತ್ತದೆ? ಅದು ಬಯಲು ಕಡೆ. ಎರಡೂ ಲೈನ್ ಬೇರೆ ಬೇರೆ, ಒಂದೇ ಅಂತ ಬೆರೆಸಬೇಡಿ.

ತೋಟದ_ಮನೆ:
ರೈಲು ಆಮೇಲೆ ಮಾತಾಡೋಣ, ಕ್ಷೇತ್ರದ ವಿಷಯಕ್ಕೆ ಬನ್ನಿ ದಯವಿಟ್ಟು.

ಸಂಪಾಜೆ_ಗೇಟು:
ನಾನು ಸಂಪಾಜೆಯವನು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಸಂಪಾಜೆ ಎರಡಿದೆ. ಒಂದು ಕೊಡಗು ಸಂಪಾಜೆ, ಇನ್ನೊಂದು ದಕ್ಷಿಣ ಕನ್ನಡ ಸಂಪಾಜೆ. ಪೇಟೆ ಒಂದೇ ಅನ್ನುವ ಹಾಗೆ ಇದೆ. ಮದುವೆ, ಬೊಜ್ಜ (ಉತ್ತರಕ್ರಿಯೆ), ಜಾತ್ರೆ ಎಲ್ಲಾ ಒಟ್ಟಿಗೆ. 2004ರವರೆಗೆ ಎರಡೂ ಕಡೆಯವರು ಒಬ್ಬನೇ ಎಂಪಿಗೆ ವೋಟು ಹಾಕಿದ್ದೇವೆ. 2009ರಿಂದ ನಡುವೆ ಗೆರೆ ಬಿತ್ತು. ನನ್ನ ಅಕ್ಕನನ್ನು ಆಚೆ ಸಂಪಾಜೆಗೆ ಕೊಟ್ಟಿದೆ. ಅವಳು 207 ಸುಳ್ಯ, ದಕ್ಷಿಣ ಕನ್ನಡ ಕ್ಷೇತ್ರ. ನಾನು ಮೈಸೂರು ಕ್ಷೇತ್ರ. ಅವಳ ಮನೆ ನನ್ನ ಮನೆಯಿಂದ ನಡೆದರೆ ಹದಿನೈದು ನಿಮಿಷ.

2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರಿ ಮಡಿಕೇರಿ ರಸ್ತೆ ಕಡಿದು ಹೋಯಿತು. ಆಗ ನಮಗೆ ಅನ್ನ, ಬಟ್ಟೆ, ಮದ್ದು ಎಲ್ಲಾ ಬಂದದ್ದು ಸುಳ್ಯದ ಕಡೆಯಿಂದ. ಜೋಡುಪಾಲದವರು ಗುಡ್ಡ ಇಳಿದು ಬಂದು ಕೆಳಗಿನ ಶಾಲೆಗಳಲ್ಲಿ ಮಲಗಿದರು. ನಾನೇ ಮೂರು ದಿನ ಅಲ್ಲಿ ಗಂಜಿ ಬಡಿಸಿದ್ದೇನೆ. ಮಡಿಕೇರಿಗೆ ಹೋಗಲು ದಾರಿಯೇ ಇರಲಿಲ್ಲ. ಮೈಸೂರು ಇನ್ನೂ ದೂರ, ನೂರೈವತ್ತು ಕಿಲೋಮೀಟರ್ ಹತ್ತಿರ. ಅಂಥ ಹೊತ್ತಿನಲ್ಲಿ ನಮ್ಮ ಕ್ಷೇತ್ರ ಯಾವ ಕಡೆ ಇರಬೇಕಿತ್ತು ಅಂತ ನೀವೇ ಹೇಳಿ.

ಘಟ್ಟದ_ಕೆಳಗೆ:
ಸತ್ಯ ಮಾರಾಯ್ರೇ. ಸಂಬಂಧ ಇವತ್ತಿನದ್ದಲ್ಲ. ಅಮರ ಸುಳ್ಯ, ಪುತ್ತೂರು ಸೀಮೆ ಮೊದಲು ಕೊಡಗಿನ ಹಾಲೇರಿ ಅರಸರ ಕೈಯಲ್ಲೇ ಇತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೆ ಅದನ್ನು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಕಲ್ಯಾಣಪ್ಪನ ದಂಡು ಮಂಗಳೂರಿನವರೆಗೆ ಬಂದದ್ದು ಆ ಸಿಟ್ಟಿನಿಂದಲೂ ಹೌದು. ಅರೆಭಾಷೆ ಮಾತಾಡುವ ಗೌಡರು ಘಟ್ಟದ ಮೇಲೂ ಇದ್ದಾರೆ, ಕೆಳಗೂ ಇದ್ದಾರೆ. ಸುಳ್ಯದ ಸದಾನಂದ ಗೌಡರು 2004ರಲ್ಲಿ ಮಂಗಳೂರಿನಿಂದ ಗೆದ್ದಾಗ ಕೊಡಗಿನವರೂ ವೋಟು ಹಾಕಿದ್ದರು. ಅವರಿಗಿಂತ ಮೊದಲು ಧನಂಜಯ ಕುಮಾರ್ ನಾಲ್ಕು ಸಲ, ಅದಕ್ಕೂ ಮೊದಲು ಜನಾರ್ದನ ಪೂಜಾರಿ ನಾಲ್ಕು ಸಲ.

ಮೈಸೂರು_ಅಗ್ರಹಾರ:
ಅರೆಭಾಷೆ ಸರಿ. ಆದರೆ ಪೂರ್ತಿ ಕೊಡಗು ಸಂಪಾಜೆ ಅಲ್ಲ ಅಲ್ವಾ? ಕುಶಾಲನಗರ, ಸೋಮವಾರಪೇಟೆ, ಶನಿವಾರಸಂತೆ, ಗೋಣಿಕೊಪ್ಪದವರನ್ನು ಕೇಳಿ. ದೊಡ್ಡ ಆಸ್ಪತ್ರೆ ಅಂದರೆ ಮೈಸೂರು, ಮಕ್ಕಳ ಓದು ಅಂದರೆ ಮೈಸೂರು, ರಿಟೈರ್ ಆದಮೇಲೆ ಮನೆ ಕಟ್ಟುವುದೂ ಮೈಸೂರಿನಲ್ಲೇ. ನಮ್ಮ ಬೀದಿಯಲ್ಲೇ ನಾಲ್ಕು ಕೊಡವ ಕುಟುಂಬ ಇದೆ. ಅವರ ಸುಗ್ಗಿ ಹಬ್ಬ ಪುತ್ತರಿ ದಿನ ನಮಗೂ ತಂಬುಟ್ಟು ಸಿಹಿ ಬರುತ್ತದೆ.

ಕುಶಾಲನಗರ_ಬಸ್ಟ್ಯಾಂಡ್:
ನೂರಕ್ಕೆ ನೂರು. ನಮ್ಮೂರಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಪ್ಪ. ಅದು ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಮಂಗಳೂರು ಕ್ಷೇತ್ರದಲ್ಲಿದ್ದಾಗ ನದಿ ಆಚೆ ಒಬ್ಬ ಎಂಪಿ, ಈಚೆ ಒಬ್ಬ ಎಂಪಿ. ಸಂಪಾಜೆ ಅಣ್ಣನಿಗೆ 2009ರಲ್ಲಿ ಬಿದ್ದ ಗೆರೆ ನಮಗೆ 2009ರಲ್ಲಿ ಅಳಿಸಿತು.

ಸಂಪಾಜೆ_ಗೇಟು:
ಇದನ್ನು ಒಪ್ಪಿದೆ. ನಿಮ್ಮ ಕಡೆಯಿಂದ ನಾನು ಯೋಚನೆ ಮಾಡಿರಲಿಲ್ಲ.

ಹಳೇ_ಕಾಗದ:
ಕೊಡಗನ್ನು ಎರಡೂ ಕಡೆಗೆ ಎಳೆಯುವುದು ಲೋಕಸಭೆಯಲ್ಲಿ ಮಾತ್ರ ಅಲ್ಲ. ಕಂದಾಯ ವಿಭಾಗ ಮೈಸೂರು. ಕರೆಂಟು ಮೈಸೂರಿನ ಸೆಸ್ಕ್. ಆದರೆ ಮಡಿಕೇರಿ ಬಸ್ ಡಿಪೋ ಪುತ್ತೂರು ವಿಭಾಗದ್ದು. ಕಾಲೇಜುಗಳು ಮೊನ್ನೆ ಮೊನ್ನೆ ಕೊಡಗು ವಿಶ್ವವಿದ್ಯಾಲಯ ಆಗುವವರೆಗೆ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಎಂಪಿ ಮೈಸೂರಿನ ಕಡೆ, ಮಾರ್ಕ್ಸ್ ಕಾರ್ಡ್ ಮಂಗಳೂರಿನ ಕಡೆ ಅನ್ನುವ ಸ್ಥಿತಿ ಬಹಳ ವರ್ಷ ಇತ್ತು.

ತೋಟದ_ಮನೆ:
ಹೌದು ಸರ್, ನನ್ನ ಡಿಗ್ರಿ ಸರ್ಟಿಫಿಕೇಟ್ ಮೇಲೆ ಮಂಗಳೂರು, ವೋಟರ್ ಚೀಟಿ ಮೇಲೆ ಮೈಸೂರು.

ಆದರೆ ಮೂಲ ಪ್ರಶ್ನೆ ಉಳಿಯಿತು. 2008ರಲ್ಲಿ ಯಾಕೆ ಬದಲಾಯಿಸಿದರು? ಮೂರು ಎಂಎಲ್ಎ ಸೀಟು ಇದ್ದದ್ದು ಎರಡಾಯಿತು. ಯಾವುದೋ ಪಕ್ಷ ತನ್ನ ಅನುಕೂಲಕ್ಕೆ ಮಾಡಿಸಿತು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ.

ಲೆಕ್ಕದ_ಮೇಷ್ಟ್ರು:
ಪಕ್ಷ ಮಾಡಿದ್ದಲ್ಲ. ಮಾಡಿದ್ದು 2002ರ ಕಾಯ್ದೆಯಡಿ ಆದ ಮರುವಿಂಗಡಣೆ ಆಯೋಗ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಪ್ರತಿ ರಾಜ್ಯದಿಂದ ಐವರು ಎಂಪಿ, ಐವರು ಎಂಎಲ್ಎ ಜೊತೆಗೆ ಕೂತಿದ್ದರು. ಸಲಹೆ ಕೊಡಬಹುದು, ವೋಟು ಇಲ್ಲ. 2008ರ ಮೇ ತಿಂಗಳ ನಮ್ಮ ವಿಧಾನಸಭಾ ಚುನಾವಣೆ ಇಡೀ ದೇಶದಲ್ಲಿ ಹೊಸ ಗಡಿಯ ಮೇಲೆ ನಡೆದ ಮೊದಲ ಚುನಾವಣೆ.

ಈಗ ಲೆಕ್ಕ ನೋಡಿ. ಪೆನ್ನು ಹಿಡಿದು ಕೂತರೆ ಎಲ್ಲಾ ಬಿಡಿಸಿಕೊಳ್ಳುತ್ತದೆ.

2001ರ ಜನಗಣತಿಯಲ್ಲಿ ಕರ್ನಾಟಕ ಸುಮಾರು 5.28 ಕೋಟಿ. 224 ಎಂಎಲ್ಎ ಸೀಟಿನಿಂದ ಭಾಗಿಸಿದರೆ ಒಂದಕ್ಕೆ ಸುಮಾರು 2.36 ಲಕ್ಷ. ಕೊಡಗಿನ ಜನಸಂಖ್ಯೆ 5.48 ಲಕ್ಷ. ಭಾಗಿಸಿದರೆ 2.3 ಬರುತ್ತದೆ. ಹಾಗಾಗಿ 2 ಸೀಟು. ಸೋಮವಾರಪೇಟೆ ಕ್ಷೇತ್ರ ಹೋದದ್ದು ಹೀಗೆ. ವಿರಾಜಪೇಟೆ ಮೊದಲು ಪರಿಶಿಷ್ಟ ಪಂಗಡಕ್ಕೆ ಮೀಸಲಿತ್ತು. ಹೊಸ ಪಟ್ಟಿಯಲ್ಲಿ ಸಾಮಾನ್ಯ ಆಯಿತು.

ಈಗ ಲೋಕಸಭೆ. 224ನ್ನು ರಾಜ್ಯದ 28 ಲೋಕಸಭಾ ಸೀಟಿನಿಂದ ಭಾಗಿಸಿ, 8. ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಒಂದು ವಿಧಾನಸಭಾ ಕ್ಷೇತ್ರವನ್ನು ಎರಡು ಲೋಕಸಭೆಗೆ ಸೀಳುವ ಹಾಗಿಲ್ಲ. ದಕ್ಷಿಣ ಕನ್ನಡಕ್ಕೆ ಲೆಕ್ಕದಲ್ಲಿ ಬಂದದ್ದು ಸರಿಯಾಗಿ ಎಂಟು: ಬೆಳ್ತಂಗಡಿ, ಮೂಡುಬಿದಿರೆ, ಮಂಗಳೂರು ನಗರ ಉತ್ತರ, ನಗರ ದಕ್ಷಿಣ, ಮಂಗಳೂರು, ಬಂಟ್ವಾಳ, ಪುತ್ತೂರು, ಸುಳ್ಯ. ಜಿಲ್ಲೆ ತಾನೇ ಒಂದು ಕ್ಷೇತ್ರ ಆಗಿಬಿಟ್ಟಿತು. ಕೊಡಗಿಗೆ ಅಲ್ಲಿ ಜಾಗ ಇಲ್ಲ.

ಹಾಸನ ಏಳು. ಅದಕ್ಕೆ ಒಂದು ಸಾಕಿತ್ತು, ಚಿಕ್ಕಮಗಳೂರಿನ ಕಡೂರು ತೆಗೆದುಕೊಂಡಿತು. ಮೈಸೂರು ಜಿಲ್ಲೆ ಹನ್ನೊಂದು. ಅದರಲ್ಲಿ ಕೆ. ಆರ್. ನಗರ ಮಂಡ್ಯದ ಏಳರ ಜೊತೆ ಹೋಯಿತು. ವರುಣಾ, ನಂಜನಗೂಡು, ತಿ. ನರಸೀಪುರ, ಎಚ್. ಡಿ. ಕೋಟೆ ಚಾಮರಾಜನಗರದ ನಾಲ್ಕರ ಜೊತೆ ಹೋದವು. ಉಳಿದದ್ದು ಆರು. ಆರಕ್ಕೆ ಎರಡು ಬೇಕು. ಆ ಎರಡು ಕೊಡಗು.

ಮೈಸೂರು_ಅಗ್ರಹಾರ:
ಮೇಷ್ಟ್ರೇ, ಇಷ್ಟು ಸುಲಭವಾಗಿ ಯಾರೂ ಹೇಳಿರಲಿಲ್ಲ. ಕೈ ಮುಗಿದೆ.

ತೋಟದ_ಮನೆ:
ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಲೆಕ್ಕ ಅರ್ಥವಾಯಿತು. ಆದರೆ ಎಲ್ಲರ ಲೆಕ್ಕ ಮುಗಿದ ಮೇಲೆ ಉಳಿದ ಶೇಷ ನಾವು ಅನ್ನುವುದು ನೋವು ಕೊಡುತ್ತದೆ.

ಘಟ್ಟದ_ಕೆಳಗೆ:
ಮೇಷ್ಟ್ರೇ, ಲೆಕ್ಕ ಸರಿ. ಆದರೆ ಅದೊಂದೇ ದಾರಿ ಆಗಿರಲಿಲ್ಲ. ಮೂಡುಬಿದಿರೆ ಮತ್ತು ಬೆಳ್ತಂಗಡಿಯನ್ನು ಉಡುಪಿ ಕಡೆ ಕೊಟ್ಟಿದ್ದರೆ ಕೊಡಗಿನ ಎರಡು ನಮ್ಮ ಜೊತೆ ಉಳಿಯುತ್ತಿತ್ತು. ಆರು ಮತ್ತು ಎರಡು, ಎಂಟು.

ಲೆಕ್ಕದ_ಮೇಷ್ಟ್ರು:
ಕೊಡಬಹುದಿತ್ತು. ಆಗ ಉಡುಪಿಯ ಐದು ಮತ್ತು ಈ ಎರಡು ಸೇರಿ ಏಳು, ಚಿಕ್ಕಮಗಳೂರಿನಿಂದ ಒಂದು ಬೇಕು. ಚಿಕ್ಕಮಗಳೂರಿನ ಉಳಿದ ನಾಲ್ಕು ಎಲ್ಲಿಗೆ? ಒಂದು ಹಾಸನಕ್ಕೆ, ಒಂದು ಶಿವಮೊಗ್ಗಕ್ಕೆ. ಆಮೇಲೂ ಎರಡು ಉಳಿಯುತ್ತದೆ. ಮೈಸೂರಿನ ಆರಕ್ಕೂ ಎರಡು ಕೊರತೆ. ಒಂದು ಕಲ್ಲು ತೆಗೆದರೆ ಇಡೀ ಗೋಡೆ ಅಲುಗುತ್ತದೆ.

ಮಲೆನಾಡ್_ಅಕ್ಕ:
ಆ ಗೋಡೆಯ ಇನ್ನೊಂದು ಕಲ್ಲು ನಾವು. ಶೃಂಗೇರಿ ಕ್ಷೇತ್ರದ ಕೊಪ್ಪ ನಮ್ಮೂರು. ಇಂದಿರಾ ಗಾಂಧಿ 1978ರ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ವಿರುದ್ಧ ಗೆದ್ದ ಚಿಕ್ಕಮಗಳೂರು ಕ್ಷೇತ್ರ ಈಗ ಆ ಹೆಸರಲ್ಲಿ ಇಲ್ಲ. ಇಡೀ ಪ್ರಪಂಚ ನಮ್ಮ ಕಡೆ ತಿರುಗಿ ನೋಡಿದ ಕ್ಷೇತ್ರ ಅದು. ಡಿ. ಬಿ. ಚಂದ್ರೇಗೌಡರು ಅವರಿಗಾಗಿ ರಾಜೀನಾಮೆ ಕೊಟ್ಟಿದ್ದರು. 2008ರಲ್ಲಿ ಅದು ಉಡುಪಿ ಜೊತೆ ಸೇರಿ 'ಉಡುಪಿ ಚಿಕ್ಕಮಗಳೂರು' ಆಯಿತು. ಬೈಂದೂರು ಶಿವಮೊಗ್ಗಕ್ಕೆ, ಕಡೂರು ಹಾಸನಕ್ಕೆ. ಉಳಿದ ನಾಲ್ಕು ಮತ್ತು ನಾಲ್ಕು, ಎಂಟು.

ನಮಗೂ ಕಷ್ಟ ಇದೆ ತಮ್ಮ. ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿದರೆ ಉಡುಪಿ ಬೇರೆ ದೇಶ ಆದ ಹಾಗೆ. ಕರಾವಳಿಯವರಿಗೆ ಮೀನುಗಾರಿಕೆ ಮುಖ್ಯ, ನಮಗೆ ಅಡಿಕೆ, ಕಾಫಿ, ಒತ್ತುವರಿ. ಆದರೆ ಒಂದು ಸಮಾಧಾನ, ಹೆಸರಲ್ಲಿ ಎರಡೂ ಜಿಲ್ಲೆ ಇದೆ. ನಿಮಗೆ ಅದೂ ಇಲ್ಲ ಅನ್ನುವುದು ನಿಜಕ್ಕೂ ಅನ್ಯಾಯ.

ತೋಟದ_ಮನೆ:
ಅಕ್ಕ, ನೀವು ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಗಡಿ ಲೆಕ್ಕದ ವಿಷಯ ಇರಬಹುದು. ಹೆಸರು ಲೆಕ್ಕದ ವಿಷಯ ಅಲ್ಲ. 'ಉಡುಪಿ ಚಿಕ್ಕಮಗಳೂರು' ಅಂತ ಬರೆದ ಕೈಗೆ 'ಮೈಸೂರು ಕೊಡಗು' ಅಂತ ಬರೆಯುವುದು ಕಷ್ಟ ಆಗಿರಲಿಲ್ಲ.

ಮೈಸೂರು_ಅಗ್ರಹಾರ:
ಮೈಸೂರಿನವನಾಗಿ ಹೇಳುತ್ತೇನೆ, ಇದಕ್ಕೆ ನಮ್ಮಲ್ಲಿ ಯಾರ ವಿರೋಧವೂ ಇರಲಿಕ್ಕಿಲ್ಲ. ಹೆಸರು ಸೇರಿಸಲೇಬೇಕು.

ಖಾನಾಪುರ_ಕಾಡು:
ನಮ್ಮ ಕಡೆಯಿಂದ ಒಂದು ಮಾತು ಹೇಳ್ತೀನ್ರೀ. ನಮ್ಮ ಖಾನಾಪುರ, ಪಕ್ಕದ ಕಿತ್ತೂರು ಎರಡೂ ಬೆಳಗಾವಿ ಜಿಲ್ಲೆ. ಲೋಕಸಭೆಗೆ ಬಂದರೆ ಉತ್ತರ ಕನ್ನಡ ಕ್ಷೇತ್ರ. ಬೆಳಗಾವಿ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ, ಕಾರವಾರಕ್ಕೆ ಹೋಗಬೇಕಂದ್ರ ಕಾಡು ದಾಟಿ ಘಟ್ಟ ಇಳಿದು ದಿನಾ ಪೂರ್ತಿ. ನಮ್ಮ ಊರಿನ ಹೆಸರೂ ಕ್ಷೇತ್ರದಾಗ ಇಲ್ಲ. ನೀವು ಒಬ್ಬರೇ ಅಂತ ತಿಳೀಬ್ಯಾಡ್ರಿ.

ಕನಕಪುರ_ರಸ್ತೆ:
ನಮ್ಮದು ಉಲ್ಟಾ. ಕನಕಪುರ ಅಂತ ಲೋಕಸಭಾ ಕ್ಷೇತ್ರವೇ ಇತ್ತು. 2002ರ ಉಪಚುನಾವಣೆಯಲ್ಲಿ ದೇವೇಗೌಡರು ಗೆದ್ದರು. 2004ರಲ್ಲಿ ಅದೇ ದೇವೇಗೌಡರನ್ನು ತೇಜಸ್ವಿನಿ ಸೋಲಿಸಿದರು. ಅಷ್ಟು ಜಿದ್ದಾಜಿದ್ದಿಯ ಕ್ಷೇತ್ರ 2008ರಲ್ಲಿ ಇಲ್ಲವಾಗಿ ಬೆಂಗಳೂರು ಗ್ರಾಮಾಂತರ ಆಯಿತು. ಊರಿನ ಹಿರಿಯರು ಈಗಲೂ ಕನಕಪುರ ಲೋಕಸಭೆ ಅಂತಲೇ ಹೇಳುತ್ತಾರೆ.

ಹುಣಸೂರು_ಬಯಲು:
ಕೊಡಗಿನವರು ಬಂದಮೇಲೆ ನಮಗೆ ಏನಾಯಿತು ಅಂತಲೂ ಯಾರಾದರೂ ಕೇಳಿ. ಹುಣಸೂರು, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ನಮ್ಮ ತಲೆನೋವು ತಂಬಾಕು ಹರಾಜು, ಲೈಸೆನ್ಸು, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ. ಕೊಡಗಿನದು ಕಾಫಿ, ಕರಿಮೆಣಸು, ಆನೆ. ಮೈಸೂರು ಸಿಟಿಯದು ಇನ್ನೇನೋ. ಮೂರು ಬೇರೆ ಬೇರೆ ಬದುಕು, ಒಬ್ಬ ಎಂಪಿ. ಯಾರೇ ಬಂದರೂ ಪಾಪ ಎಲ್ಲಿಗೆ ಅಂತ ಹೋಗುತ್ತಾರೆ?

ಆದರೆ ಆನೆ ವಿಷಯದಲ್ಲಿ ನಾವು ಒಂದೇ. ನಾಗರಹೊಳೆ ಕಾಡಿನ ಈ ಅಂಚು ನಾವು, ಆ ಅಂಚು ನೀವು. ಆನೆ ಕ್ಷೇತ್ರದ ಗಡಿ ನೋಡಿ ಬರುವುದಿಲ್ಲ.

ಪೊನ್ನಂಪೇಟೆ_ಹಾಕಿ:
ಹುಣಸೂರಿನ ಅಣ್ಣ ಹೇಳಿದ್ದು ನಿಜ. ಆ ಒಂದು ಕಾರಣಕ್ಕೆ ಈ ಜೋಡಣೆ ನನಗೆ ಪರವಾಗಿಲ್ಲ ಅನಿಸುತ್ತದೆ. ಕಾಡಿನ ಎರಡೂ ಅಂಚು ಒಂದೇ ಕ್ಷೇತ್ರದಲ್ಲಿ ಇದೆ.

ಆದರೆ ನನ್ನ ಮಾತು ಬೇರೆ. ಮಂಗಳೂರೂ ಬೇಡ, ಮೈಸೂರೂ ಬೇಡ. ಕೊಡಗಿಗೆ ಸ್ವಂತ ಎಂಪಿ ಬೇಕು. 1952ರಲ್ಲಿ ಇತ್ತಲ್ಲ? 2011ರ ಜನಗಣತಿಯಲ್ಲಿ ನಾವು 5.54 ಲಕ್ಷ. ಸಿಕ್ಕಿಂ 6.10 ಲಕ್ಷ, ಅದಕ್ಕೆ ಒಬ್ಬ ಎಂಪಿ. ಲಡಾಖ್ 2.74 ಲಕ್ಷ, ಅದಕ್ಕೂ ಒಬ್ಬ. ಲಕ್ಷದ್ವೀಪ 64 ಸಾವಿರ, ಅದಕ್ಕೂ ಒಬ್ಬ. ನಾವು ರಾಜ್ಯವಾಗಿಯೇ ಉಳಿದಿದ್ದರೆ ನಮಗೂ ಇರುತ್ತಿತ್ತು. ಸೇರಿದ್ದಕ್ಕೆ ಕಳೆದುಕೊಂಡೆವು.

ಲೆಕ್ಕದ_ಮೇಷ್ಟ್ರು:
ಆಸೆ ಅರ್ಥವಾಗುತ್ತದೆ. ಆದರೆ ಹೋಲಿಕೆ ಸರಿಯಿಲ್ಲ. ಸಿಕ್ಕಿಂ ರಾಜ್ಯ, ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶ. ಅವಕ್ಕೆ ಕನಿಷ್ಠ ಒಂದು ಸೀಟು ಸಿಗುತ್ತದೆ. ಜಿಲ್ಲೆಗೆ ಆ ಹಕ್ಕು ಇಲ್ಲ. ರಾಜ್ಯದೊಳಗೆ ಎಲ್ಲಾ ಕ್ಷೇತ್ರದ ಜನಸಂಖ್ಯೆ ಆದಷ್ಟು ಸಮ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ. 2011ರ ಲೆಕ್ಕದಲ್ಲಿ ಕರ್ನಾಟಕದ ಒಂದು ಲೋಕಸಭಾ ಕ್ಷೇತ್ರ ಅಂದರೆ ಸುಮಾರು 21.8 ಲಕ್ಷ. ಕೊಡಗು ಅದರ ಕಾಲು ಭಾಗ. ಕೊಡಗಿಗೆ ಒಂದು ಕೊಟ್ಟರೆ ಕೊಡಗಿನ ಒಂದು ವೋಟು ಹುಣಸೂರಿನ ನಾಲ್ಕು ವೋಟಿಗೆ ಸಮ ಆಗುತ್ತದೆ. ಅದನ್ನು ಹುಣಸೂರಿನವರು ಯಾಕೆ ಒಪ್ಪಬೇಕು?

ಪೊನ್ನಂಪೇಟೆ_ಹಾಕಿ:
ಬರೀ ತಲೆ ಎಣಿಸಿದರೆ ಹಾಗೆ ಸರ್. ನೆಲ ಎಣಿಸಿ. 4,102 ಚದರ ಕಿಲೋಮೀಟರ್ ಮಲೆ. ಕಾವೇರಿ ಹುಟ್ಟುವುದು ತಲಕಾವೇರಿಯಲ್ಲಿ. ಆ ನೀರು ಕುಡಿಯುವವರು ಎಷ್ಟು ಕೋಟಿ? ಕಾಡು, ಹೊಳೆ ಕಾಯುವವರ ಸಂಖ್ಯೆ ಕಡಿಮೆಯೇ ಇರುತ್ತದೆ. ಕಡಿಮೆ ಇದ್ದಾರೆ ಅಂತ ಅವರ ಮಾತೂ ಕಡಿಮೆ ಆಗಬೇಕಾ?

ಲೆಕ್ಕದ_ಮೇಷ್ಟ್ರು:
ಈ ಪ್ರಶ್ನೆಗೆ ನನ್ನ ಲೆಕ್ಕದಲ್ಲಿ ಉತ್ತರ ಇಲ್ಲ. ಕಾನೂನಿನಲ್ಲೂ ಈಗ ಇಲ್ಲ. ಆದರೆ ಪ್ರಶ್ನೆ ಸರಿಯಾಗಿದೆ ಅಂತ ಒಪ್ಪುತ್ತೇನೆ.

ಕುಶಾಲನಗರ_ಬಸ್ಟ್ಯಾಂಡ್:
ಮಾತು ಕಡಿಮೆ ಆಗಿದೆ ಅಂತ ನನಗೆ ಅನಿಸುವುದಿಲ್ಲ. 2009ರಲ್ಲಿ ಮೈಸೂರು ಕ್ಷೇತ್ರದಲ್ಲಿ ವಿಶ್ವನಾಥ್ ಗೆದ್ದದ್ದು ಎಂಟು ಸಾವಿರದೊಳಗಿನ ಅಂತರದಲ್ಲಿ. ಅಂಥ ಚುನಾವಣೆಯಲ್ಲಿ ಕೊಡಗಿನ ಎರಡು ಕ್ಷೇತ್ರ ಇಡೀ ಫಲಿತಾಂಶ ತಿರುಗಿಸಬಲ್ಲದು.

ಹುಣಸೂರು_ಬಯಲು:
ಅದು 2009. 2024ರಲ್ಲಿ ಯದುವೀರ್ ಗೆದ್ದದ್ದು 1.39 ಲಕ್ಷ ಅಂತರದಲ್ಲಿ. 2019ರಲ್ಲಿ ಪ್ರತಾಪ್ ಸಿಂಹ ಕೂಡ ಸುಮಾರು ಅಷ್ಟೇ.

ಕುಶಾಲನಗರ_ಬಸ್ಟ್ಯಾಂಡ್:
ಹತ್ತಿರದ ಪೈಪೋಟಿ ಬಂದಾಗ ಅಂತ ಹೇಳಿದೆ.

ಘಟ್ಟದ_ಕೆಳಗೆ:
ಕೋರ್ಟಿಗೆ ಹೋಗಲು ಆಗುವುದಿಲ್ಲವಾ? ಕನಿಷ್ಠ ಸಂಪಾಜೆ ಭಾಗದ ಬಗ್ಗೆ?

ಲೆಕ್ಕದ_ಮೇಷ್ಟ್ರು:
ಗಡಿಯನ್ನು ಅಲ್ಲಿ ಎಳೆಯಿರಿ, ಇಲ್ಲಿ ಎಳೆಯಿರಿ ಅಂತ ಕೋರ್ಟಿನಲ್ಲಿ ಕೇಳುವಂತಿಲ್ಲ. ಸಂವಿಧಾನದ 329ನೇ ವಿಧಿ ಅದನ್ನು ತಡೆಯುತ್ತದೆ. ಆಯೋಗದ ಆದೇಶವನ್ನು ಲೋಕಸಭೆ, ವಿಧಾನಸಭೆ ಮುಂದೆ ಇಡುತ್ತಾರೆ, ಆದರೆ ಅವೂ ತಿದ್ದುವಂತಿಲ್ಲ. ಮಾತಾಡಲು ಒಂದೇ ಹೊತ್ತು ಇರುವುದು. ಕರಡು ಪ್ರಕಟವಾದ ಮೇಲೆ ಆಯೋಗ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ಸಭೆ ಮಾಡುತ್ತದೆ. ಆಗ ಹೋಗಿ ಹೇಳಬೇಕು. ಆಗ ಸುಮ್ಮನಿದ್ದರೆ ಮುಂದಿನ ಮರುವಿಂಗಡಣೆಯವರೆಗೆ ಸುಮ್ಮನಿರಬೇಕು.

ತೋಟದ_ಮನೆ:
ಮುಂದಿನದು ಯಾವಾಗ?

ಹಳೇ_ಕಾಗದ:
1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯಿಂದ ರಾಜ್ಯಗಳ ಸೀಟಿನ ಸಂಖ್ಯೆ ಸ್ಥಗಿತವಾಯಿತು, 1971ರ ಜನಗಣತಿಯ ಮೇಲೆ. 2001ರ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಅದಕ್ಕೇ 2008ರಲ್ಲಿ ಗಡಿ ಬದಲಾಯಿತು, 28 ಮಾತ್ರ 28 ಆಗಿಯೇ ಉಳಿಯಿತು. ನಮ್ಮ ರಾಜ್ಯಕ್ಕೆ 1957ರಲ್ಲಿ 26, 1967ರಲ್ಲಿ 27, 1977ರಿಂದ 28. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ದಕ್ಷಿಣದ ರಾಜ್ಯಗಳೆಲ್ಲ ಚಿಂತೆ ಮಾಡುತ್ತಿರುವುದು ಇದಕ್ಕೇ. ಜನಸಂಖ್ಯೆ ಹಿಡಿತದಲ್ಲಿಟ್ಟವರಿಗೆ ಪಾಲು ಕಡಿಮೆ ಆಗಬಾರದು ಅಂತ.

ಮಲೆನಾಡ್_ಅಕ್ಕ:
ಅದೇ ಅನ್ಯಾಯ ರಾಜ್ಯದೊಳಗೂ ಆಗುತ್ತದೆ ಅಲ್ವಾ? ದೆಹಲಿ ಮುಂದೆ ಕರ್ನಾಟಕ ಹೇಳುವ ಮಾತನ್ನೇ ಬೆಂಗಳೂರು ಮುಂದೆ ಮಲೆನಾಡು ಹೇಳಬೇಕು. ನಮ್ಮ ಶಾಲೆಗಳಲ್ಲಿ ಮಕ್ಕಳಿಲ್ಲ. ಓದಿದವರೆಲ್ಲ ಬೆಂಗಳೂರಿಗೆ ಹೋದರು. ಸೀಟು ಅವರ ಹಿಂದೆಯೇ ಹೋಗುತ್ತದೆ.

ಲೆಕ್ಕದ_ಮೇಷ್ಟ್ರು:
ಅಕ್ಕ ಹೇಳಿದ್ದಕ್ಕೆ ಅಂಕಿ ಇದೆ. 2001ರಿಂದ 2011ಕ್ಕೆ ಕರ್ನಾಟಕ ಬೆಳೆದದ್ದು ಶೇ 15ಕ್ಕಿಂತ ಜಾಸ್ತಿ. ಕೊಡಗು ಬೆಳೆದದ್ದು ಶೇ 1ರ ಆಸುಪಾಸು. ಹತ್ತು ವರ್ಷದಲ್ಲಿ ಆರು ಸಾವಿರ ಜನ ಕೂಡ ಹೆಚ್ಚಾಗಲಿಲ್ಲ. 2001ರಲ್ಲಿ ಭಾಗಿಸಿದಾಗ 2.3 ಇದ್ದದ್ದು 2011ರ ಅಂಕಿಯಲ್ಲಿ 2.03ಕ್ಕೆ ಇಳಿದಿದೆ. 224 ಸೀಟು 224 ಆಗಿಯೇ ಉಳಿದರೆ ಮುಂದಿನ ಸಲ ಈ ಅಂಕಿ ಎರಡಕ್ಕಿಂತ ಕೆಳಗೆ ಬರುವುದು ಖಂಡಿತ ಅನ್ನುವಷ್ಟು ಹತ್ತಿರ. ಎರಡು ಸೀಟು ಉಳಿಯಬಹುದು, ಆದರೆ ಮೂರನೆಯದು ವಾಪಸ್ ಬರುವುದು ಕಷ್ಟ.

ತೋಟದ_ಮನೆ:
ನಮ್ಮ ಊರಿನ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಬೂತಿನಲ್ಲಿ ನನ್ನ ಜೊತೆ ಶಾಲೆಗೆ ಬಂದ ಹನ್ನೊಂದು ಜನರಲ್ಲಿ ಊರಲ್ಲಿ ಇರುವುದು ಮೂರು. 2018 ಆದಮೇಲೆ ಇನ್ನೂ ಎರಡು ಮನೆ ಬೀಗ ಹಾಕಿ ಹೋದರು.

ಸಂಪಾಜೆ_ಗೇಟು:
ನಮ್ಮಲ್ಲೂ ಹಾಗೇ. ಅದಕ್ಕೇ ಹೇಳುವುದು, ಈಗಿಂದಲೇ ತಯಾರಿ ಮಾಡಬೇಕು. ಸಭೆ ಬಂದಾಗ ಏನು ಕೇಳಬೇಕು ಅಂತ ನಾವೇ ಒಂದಾಗಿಲ್ಲ. ನಾನು ಸುಳ್ಯ ಕಡೆ ಅನ್ನುತ್ತೇನೆ, ಕುಶಾಲನಗರ ಅಣ್ಣ ಮೈಸೂರು ಅನ್ನುತ್ತಾರೆ, ಪೊನ್ನಂಪೇಟೆಯವರು ಸ್ವಂತ ಅನ್ನುತ್ತಾರೆ.

ಕುಶಾಲನಗರ_ಬಸ್ಟ್ಯಾಂಡ್:
ಹೆಸರಿನ ವಿಷಯದಲ್ಲಿ ಒಂದಾಗಿದ್ದೇವಲ್ಲ. ಕ್ಷೇತ್ರ ಯಾವುದೇ ಇರಲಿ, ಹೆಸರಲ್ಲಿ ಕೊಡಗು ಇರಬೇಕು. ಎರಡನೆಯದು, ಎಂಎಲ್ಎ ಸೀಟು ಎರಡಕ್ಕಿಂತ ಕಡಿಮೆ ಆಗಬಾರದು, ಜಿಲ್ಲೆಯ ಗಡಿ ದಾಟಿ ಸೀಳಬಾರದು. ಈ ಎರಡನ್ನು ಮೊದಲು ಬರೆಯೋಣ.

ಪೊನ್ನಂಪೇಟೆ_ಹಾಕಿ:
ಮಡಿಕೇರಿ ತಾಲ್ಲೂಕನ್ನು ಈಗಿನ ಹಾಗೆ ಎರಡಕ್ಕೆ ಹಂಚುವುದು ಬೇಕಾ ಅಂತಲೂ ಕೇಳಬೇಕು. ನಾಪೋಕ್ಲಿನವರ ತಾಲ್ಲೂಕು ಆಫೀಸು ಮಡಿಕೇರಿ, ಎಂಎಲ್ಎ ವಿರಾಜಪೇಟೆ ಕ್ಷೇತ್ರದವರು. ಈಗ ತಾಲ್ಲೂಕು ಐದಾಗಿದೆ. ಹೊಸದಾಗಿ ಕೂಡಿಸಿ ನೋಡಬಹುದು. ಸ್ವಂತ ಎಂಪಿ ಬೇಡಿಕೆಯನ್ನು ನಾನು ಬಿಡುವುದಿಲ್ಲ, ಮೂರನೆಯದಾಗಿ ಅದನ್ನೂ ಸೇರಿಸಿ.

ಸಂಪಾಜೆ_ಗೇಟು:
ಸೇರಿಸೋಣ. ಸಂಪಾಜೆ ಬಗ್ಗೆ ನಾನು ಬೇರೆ ಅರ್ಜಿ ಬರೆಯುತ್ತೇನೆ. ಎರಡೂ ಸಂಪಾಜೆಯವರ ಸಹಿ ಹಾಕಿಸುತ್ತೇನೆ.

ಲೆಕ್ಕದ_ಮೇಷ್ಟ್ರು:
ಅಂಕಿ ಬೇಕಾದರೆ ನನ್ನನ್ನು ಕೇಳಿ. ಹೊಸ ಜನಗಣತಿ ಬಂದ ದಿನವೇ ಲೆಕ್ಕ ಹಾಕಿ ಇಲ್ಲೇ ಹಾಕುತ್ತೇನೆ.

ಮೈಸೂರು_ಅಗ್ರಹಾರ:
ಹೆಸರಿನ ಅರ್ಜಿಗೆ ಮೈಸೂರಿನಿಂದಲೂ ಸಹಿ ಇರಲಿ. ನಮ್ಮ ಬೀದಿಯ ಜವಾಬ್ದಾರಿ ನನ್ನದು.

ತೋಟದ_ಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಇದನ್ನೆಲ್ಲಾ ಅಜ್ಜಿಗೆ ಓದಿ ಹೇಳಿದೆ. ಅವರಿಗೆ ಈಗ ತೊಂಬತ್ತೈದು ದಾಟಿದೆ. ಅಜ್ಜನ ಜೊತೆ 1952ರಲ್ಲಿ ಅವರೂ ಹೋಗಿದ್ದರಂತೆ. ನನಗೆ ಇವತ್ತೇ ಗೊತ್ತಾಗಿದ್ದು.

ಚೀಟಿಯ ಮೇಲೆ ಮುದ್ರೆ ಒತ್ತುವುದು ಇರಲಿಲ್ಲವಂತೆ. ಪರದೆ ಹಿಂದೆ ಸಾಲಾಗಿ ಪೆಟ್ಟಿಗೆ. ಪ್ರತಿ ಪೆಟ್ಟಿಗೆ ಮೇಲೆ ಒಂದು ಚಿತ್ರ. ಜೋಡೆತ್ತಿನ ಪೆಟ್ಟಿಗೆ ಮಾತ್ರ ಅವರಿಗೆ ನೆನಪಿದೆ. ಯಾರು ಬೇಕೋ ಅವರ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. ಬೆಳಿಗ್ಗೆ ಗಂಜಿ ಕುಡಿದು ಹೊರಟವರು ಗದ್ದೆ ಬದು ಮೇಲೆ ನಡೆದು ಹೋಗಿ, ಮಧ್ಯಾಹ್ನ ವಾಪಸ್ ಬಂದರಂತೆ. ಕಾಲಿಗೆ ಜಿಗಣೆ ಹತ್ತಿರಲಿಲ್ಲ, ಬೇಸಗೆ ಬರುವ ಹೊತ್ತು ಅಂತ ಹೇಳಿದರು.

ಯಾವ ಪೆಟ್ಟಿಗೆಗೆ ಹಾಕಿದಿರಿ ಅಜ್ಜಿ ಅಂತ ಕೇಳಿದೆ. ಅದನ್ನು ಅಜ್ಜನಿಗೂ ಹೇಳಿಲ್ಲ ಅಂದರು.

ಮಲೆನಾಡ್_ಅಕ್ಕ:
ಅಜ್ಜಿಗೆ ನನ್ನ ನಮಸ್ಕಾರ ಹೇಳಿ ತಮ್ಮ. ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ ಇಡಿ, ಮರೆಯಬೇಡಿ.

ತೋಟದ_ಮನೆ:
ನಾಳೆ ಬೆಳಿಗ್ಗೆಯೇ ಮಾಡುತ್ತೇನೆ ಅಕ್ಕ. ಸಂಜೆ ಅವರಿಗೆ ಆಯಾಸ ಆಗುತ್ತದೆ.